ಲಿಪಿಕಾರ ಕುಮಾರವ್ಯಾಸನಿಗೆ ಎಷ್ಟು ಅಂಕ?

ಕುಮಾರವ್ಯಾಸ, ಅಂದರೆ ಗದುಗಿನ ನಾರಣಪ್ಪ, ಬಡ್ತಿಗೆ ಅರ್ಜಿ ಹಾಕಿದ್ದಾನೆ ಎಂದಿಟ್ಟುಕೊಳ್ಳಿ. ಫೈಲು ಸಮಿತಿಯ ಮುಂದಿದೆ. ಪ್ರಕಟಣೆಗಳ ಕಾಲಮಿನಲ್ಲಿ ಒಂದೇ ನಮೂದು: ‘ಕರ್ಣಾಟ ಭಾರತ ಕಥಾಮಂಜರಿ’, ಹತ್ತು ಪರ್ವ. ಹದಿನೆಂಟರಲ್ಲಿ ಉಳಿದ ಎಂಟು ಎಲ್ಲಿ ಹೋದವು ಎಂದು ಒಬ್ಬ ಸದಸ್ಯರು ಕೇಳಿದರು. ಐಎಸ್‌ಬಿಎನ್ ಕಾಣುತ್ತಿಲ್ಲವಲ್ಲ ಎಂದು ಇನ್ನೊಬ್ಬರು ಕನ್ನಡಕ ಏರಿಸಿದರು. ಪರಿಷ್ಕೃತ ಕರಡು ಲಗತ್ತಿಸಿಲ್ಲ. ಕೇಳೋಣವೆಂದರೆ, ತಾನು ಹಲಗೆ ಬಳಪ ಹಿಡಿದವನಲ್ಲ, ಒಮ್ಮೆ ಬರೆದದ್ದನ್ನು ಅಳಿಸುವವನೂ ಅಲ್ಲ ಎಂದು ಅಭ್ಯರ್ಥಿ ಪೀಠಿಕೆಯಲ್ಲೇ ಕೊಚ್ಚಿಕೊಂಡಿದ್ದಾನೆ. ರಿವ್ಯೂವರ್ ಹೇಳಿದಂತೆ ತಿದ್ದದವನು ಎಂಥ ಸಂಶೋಧಕ? ಒಂದು ಮಾತು ಮಾತ್ರ ಸಮಿತಿಗೆ ಹಿಡಿಸಿತು. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷನೇ ತಿಣುಕುತ್ತಿದ್ದಾನೆ ಎಂದು ಹೇಳಿ ಭಾರತಕ್ಕೆ ಕೈ ಹಾಕಿದ್ದಾನಲ್ಲ, ಅದು ಅಚ್ಚುಕಟ್ಟಾದ ‘ರಿಸರ್ಚ್ ಗ್ಯಾಪ್’.

ತೊಡಕಾದದ್ದು ಲೇಖಕರ ಹೆಸರಿನ ಕಾಲಮು. ಕಾವ್ಯ ಹೇಳಿದವನು ಗದುಗಿನ ವೀರನಾರಾಯಣ, ತನ್ನದು ಬರೆದುಕೊಂಡ ಕೆಲಸವಷ್ಟೇ ಎಂದು ಅಭ್ಯರ್ಥಿ ಸ್ವಂತ ಕೈಯಿಂದ ಬರೆದುಕೊಟ್ಟಿದ್ದಾನೆ. ಗುಮಾಸ್ತರು ವಿಶ್ವವಿದ್ಯಾಲಯ ಅನುದಾನ ಆಯೋಗದ, ಅಂದರೆ ಯುಜಿಸಿಯ, 2018ರ ನಿಯಮಾವಳಿ ಬಿಡಿಸಿದರು. ಮೂಲ ವ್ಯಾಸರದ್ದು, ಆದ್ದರಿಂದ ಇದು ಅನುವಾದ. ಅನುವಾದಿತ ಪುಸ್ತಕಕ್ಕೆ 8 ಅಂಕ. ಜಂಟಿ ಪ್ರಕಟಣೆಯಲ್ಲಿ ಲೇಖಕರು ಇಬ್ಬರಿದ್ದರೆ ತಲಾ ಶೇ. 70. ಹಾಗಾಗಿ ವೀರನಾರಾಯಣನಿಗೆ 5.6, ಕುಮಾರವ್ಯಾಸನಿಗೆ 5.6. ಹೊರಗೆ ಬೆಂಚಿನ ಮೇಲೆ ಇನ್ನೊಬ್ಬ ಅಭ್ಯರ್ಥಿ ಕೂತಿದ್ದಾರೆ. ಅವರ ಕೈಯಲ್ಲಿ ‘ಕುಮಾರವ್ಯಾಸನ ರೂಪಕಗಳು: ಒಂದು ಅಧ್ಯಯನ’ ಎಂಬ ನಾಲ್ಕು ಪುಟದ ಪ್ರಬಂಧವಿದೆ. ಭಾಷೆ ಮತ್ತು ಮಾನವಿಕ ವಿಷಯಗಳಲ್ಲಿ ಪ್ರಬಂಧವೊಂದಕ್ಕೆ 10 ಅಂಕ.

ಅರ್ಜಿ ನನ್ನ ಕಲ್ಪನೆ. ಅಂಕಗಳು ಅಲ್ಲ.

ಆ ಶೇ. 70ರ ಸೊಗಸನ್ನು ಸ್ವಲ್ಪ ನಿಂತು ನೋಡಬೇಕು. ನಮ್ಮ ಕಡೆ ಅಣ್ಣತಮ್ಮಂದಿರು ಪಾಲಾದರೆ ಎಂಟು ಎಕರೆ ನಾಲ್ಕಾಗುತ್ತದೆ, ಮೊಮ್ಮಕ್ಕಳ ಕಾಲಕ್ಕೆ ಗುಂಟೆಗೆ ಇಳಿಯುತ್ತದೆ. ಯುಜಿಸಿಯ ಹೊಲ ಹಾಗಲ್ಲ, ಭಾಗ ಮಾಡಿದಷ್ಟೂ ಬೆಳೆಯುತ್ತದೆ. ಇಬ್ಬರು ಹಂಚಿಕೊಂಡರೆ ಶೇ. 140. ಮೂವರಾದರೆ ಮೊದಲಿನವರಿಗೆ 70, ಮಿಕ್ಕ ಇಬ್ಬರಿಗೆ ತಲಾ 30, ಒಟ್ಟು 130. ಹತ್ತು ಕಡಿಮೆಯಾಯಿತೆಂದು ಗಾಬರಿಯಾಗಬೇಡಿ, ನಾಲ್ಕನೆಯವರನ್ನು ಕರೆದರೆ 160 ಆಗುತ್ತದೆ. ಹತ್ತು ಜನ ಕೂಡಿದರೆ 340. ಅಂದರೆ 10 ಅಂಕದ ಒಂದು ಪ್ರಬಂಧ ಹತ್ತು ಮನೆಗಳಲ್ಲಿ ಒಟ್ಟು 34 ಅಂಕ ಅಡುಗೆ ಮಾಡುತ್ತದೆ. ದ್ರೌಪದಿಯ ಅಕ್ಷಯಪಾತ್ರೆಗೂ ಊಟದ ಹೊತ್ತು ಮುಗಿಯುತ್ತಿತ್ತು, ಇದಕ್ಕೆ ಅದೂ ಇಲ್ಲ. 2010ರ ನಿಯಮದಲ್ಲಿ ಮೊದಲ ಲೇಖಕರೂ ಗೈಡೂ ಸೇರಿ ಶೇ. 60 ತೆಗೆದುಕೊಂಡು, ಉಳಿದ 40ನ್ನು ಮಿಕ್ಕವರು ಸಮನಾಗಿ ಹಂಚಿಕೊಳ್ಳಬೇಕಿತ್ತು. ಕೂಡಿದರೆ ನೂರು. ನೂರು ಹಂಚಿದರೆ ನೂರೇ ಆಗುವ ಗಣಿತದಿಂದ ಯಾರಿಗೆ ಲಾಭ?

ಹೀಗೆ ಹೊಲ ಬೆಳೆಯುವ ಊರಿನಲ್ಲಿ ನೆಂಟರು ಹೆಚ್ಚಾಗುವುದು ಸಹಜ. ನನಗೆ ಗೊತ್ತಿರುವ ಹುಡುಗಿಯೊಬ್ಬಳು ಬೋರ್‌ವೆಲ್ ನೀರಿನ ಮಾದರಿ ಹಿಡಿಯಲು ಎರಡು ಬೇಸಿಗೆ ಊರೂರು ಅಲೆದಳು. ಪಂಪು ಕೆಟ್ಟಲ್ಲಿ ಕಾದಳು, ನಾಯಿ ಅಟ್ಟಿಸಿಕೊಂಡು ಬಂದಲ್ಲಿ ಓಡಿದಳು, ರಾತ್ರಿ ಕೂತು ಲೆಕ್ಕ ಹಾಕಿದಳು. ಪೇಪರ್ ಅಚ್ಚಾದಾಗ ಮೊದಲ ಹೆಸರು ಗೈಡಿನದು. ‘ಐಡಿಯಾ ನಂದೇ ಅಲ್ವೇನಮ್ಮಾ?’ ಎರಡನೆಯದು ವಿಭಾಗದ ಮುಖ್ಯಸ್ಥರದು, ಸಹಿ ಅವರದೇ ಬೇಕು. ಮೂರನೆಯದು ಗೈಡಿನ ಮನೆಯವರದು. ಅವರು ಬೇರೆ ಕಾಲೇಜಿನಲ್ಲಿ ಬೇರೆಯೇ ವಿಷಯ ಪಾಠ ಮಾಡುತ್ತಾರೆ, ಆದರೆ ನೀರು ಎಲ್ಲರಿಗೂ ಬೇಕಾದ ವಸ್ತು. ನಾಲ್ಕನೆಯದು ಪ್ರಿನ್ಸಿಪಾಲರದು, ಅವರ ಗಮನಕ್ಕೆ ಇಡೀ ವಿಷಯ ಬಂದದ್ದು ಅಭಿನಂದನಾ ಸಮಾರಂಭದ ದಿನ. ಐದನೆಯ ಹೆಸರು ಹುಡುಗಿಯದು. ಕಾಗುಣಿತ ತಪ್ಪಿತ್ತು.

ವೈದ್ಯಕೀಯ ಪತ್ರಿಕೆಗಳ ಸಂಪಾದಕರು ಕೂಡಿ ಮಾಡಿಟ್ಟ ನಿಯಮವೊಂದಿದೆ. ಕೆಲಸಕ್ಕೆ ಗಣನೀಯ ಕೊಡುಗೆ ಇರಬೇಕು, ಬರೆಯುವುದರಲ್ಲೋ ತಿದ್ದುವುದರಲ್ಲೋ ಕೈ ಇರಬೇಕು, ಕೊನೆಯ ಪ್ರತಿಗೆ ಒಪ್ಪಿಗೆ ಕೊಟ್ಟಿರಬೇಕು, ನಾಳೆ ತಪ್ಪಾದರೆ ಹೊಣೆ ಹೊರಬೇಕು. ನಾಲ್ಕೂ ಇದ್ದರೆ ಲೇಖಕ, ಇಲ್ಲದಿದ್ದರೆ ಕೃತಜ್ಞತೆಯ ಸಾಲಿನಲ್ಲಿ ಜಾಗ. ಹಣ ತಂದುಕೊಟ್ಟೆ, ಮೇಲ್ವಿಚಾರಣೆ ಮಾಡಿದೆ ಎಂಬುದಷ್ಟೇ ಸಾಲದು ಎಂದೂ ಅದು ಬಿಡಿಸಿ ಹೇಳುತ್ತದೆ. ನಮ್ಮ ವಿಭಾಗಗಳಲ್ಲಿ ನಾಲ್ಕರ ಪೈಕಿ ಮೂರನೆಯದನ್ನು ಮಾತ್ರ ಎಲ್ಲರೂ ಶ್ರದ್ಧೆಯಿಂದ ಪಾಲಿಸುತ್ತಾರೆ. ಒಪ್ಪಿಗೆ ಕೊಡದೆ ಇದ್ದವರನ್ನು ನಾನು ಕಂಡಿಲ್ಲ.

ಗೈಡುಗಳು ಕುಮಾರವ್ಯಾಸನನ್ನು ಓದಿಕೊಂಡಿದ್ದಾರೆ, ಆದರೆ ತಮ್ಮ ಅನುಕೂಲಕ್ಕೆ. ತಾವು ವೀರನಾರಾಯಣ, ವಿದ್ಯಾರ್ಥಿ ಲಿಪಿಕಾರ. ವ್ಯತ್ಯಾಸವಿಷ್ಟೆ: ವೀರನಾರಾಯಣ ಗರ್ಭಗುಡಿಯಿಂದ ಎದ್ದು ಬಂದು ‘ನನ್ನ ಹೆಸರು ಮೊದಲು ಹಾಕಪ್ಪ’ ಎಂದದ್ದು ಯಾವ ಸ್ಥಳಪುರಾಣದಲ್ಲೂ ಇಲ್ಲ. ನಮ್ಮ ವಚನಕಾರರೂ ದಾಸರೂ ತಮ್ಮ ಹೆಸರಿನ ಜಾಗದಲ್ಲಿ ಇಷ್ಟದೈವದ ಅಂಕಿತ ಇಟ್ಟು ಹೋದವರು. ಗೂಗಲ್ ಸ್ಕಾಲರ್ ಹನ್ನೆರಡನೇ ಶತಮಾನದಲ್ಲಿ ಇದ್ದಿದ್ದರೆ ಬಸವಣ್ಣನ ಖಾತೆ ಖಾಲಿ, ಕೂಡಲಸಂಗಮದೇವನ ಖಾತೆ ಭರ್ತಿ. ಇಂದಿನ ಪ್ರಬಂಧಗಳಲ್ಲೂ ಅಂಕಿತ ಉಳಿದುಕೊಂಡಿದೆ, ದೈವ ಬದಲಾಗಿದೆ. ಕೊಟ್ಟವರಿಗೆ ಭಕ್ತಿ ಇಲ್ಲ, ಪಡೆದವರಿಗೆ ಸಂಕೋಚ ಇಲ್ಲ.

ಹೆಸರು ಬಿಡಿ, ಸೈಟೇಶನ್ನಿಗೆ ಬರೋಣ. ಇದಕ್ಕೆ ಕನ್ನಡದಲ್ಲಿ ಉಲ್ಲೇಖ ಎನ್ನುತ್ತಾರೆ. ಸರಿಯಾದ ಶಬ್ದ ಮುಯ್ಯಿ. ಹಳ್ಳಿಯ ಮದುವೆಯಲ್ಲಿ ಚಪ್ಪರದ ಬಾಗಿಲಲ್ಲಿ ಒಬ್ಬ ನೋಟ್‌ಬುಕ್ ಹಿಡಿದು ಕೂತಿರುತ್ತಾನಲ್ಲ, ಯಾರು ಎಷ್ಟು ಮುಯ್ಯಿ ಮಾಡಿದರು ಎಂದು ಬರೆದುಕೊಳ್ಳಲು? ಅವರ ಮನೆ ಮದುವೆಗೆ ಅಷ್ಟೇ ತಿರುಗಿಸಬೇಕು. ನೀವು ನನ್ನ ಪೇಪರನ್ನು ಮೂರು ಸಲ ಉಲ್ಲೇಖಿಸಿದರೆ ನಾನು ನಿಮ್ಮದನ್ನು ನಾಲ್ಕು ಸಲ. ಜಗತ್ತಿನ ಆ ನೋಟ್‌ಬುಕ್ಕನ್ನು ಮೊದಲು ಹಿಡಿದು ಕೂತವರು ಅಮೆರಿಕದ ಯೂಜೀನ್ ಗಾರ್ಫೀಲ್ಡ್. 1964ರಲ್ಲಿ ಅವರ ‘ಸೈನ್ಸ್ ಸೈಟೇಶನ್ ಇಂಡೆಕ್ಸ್’ ಹೊರಬಂತು. ಯಾವ ವಿಚಾರ ಎಲ್ಲಿಂದ ಎಲ್ಲಿಗೆ ಹರಿದು ಹೋಯಿತು ಎಂದು ಹುಡುಕಲು ಮಾಡಿದ ಸಾಧನ ಅದು. ಪಾಪ, ಮುಯ್ಯಿ ಪಟ್ಟಿ ನೋಡಿ ಮದುಮಗನ ಯೋಗ್ಯತೆ ಅಳೆಯುತ್ತಾರೆಂದು ಅವರಿಗೇನು ಗೊತ್ತಿತ್ತು?

2005ರಲ್ಲಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಎಚ್-ಇಂಡೆಕ್ಸ್ ಕೊಟ್ಟರು. ತೆಂಗಿನ ತೋಟ ಇದ್ದವರಿಗೆ ಇದು ಬೇಗ ಅರ್ಥವಾಗುತ್ತದೆ. ನಿಮ್ಮ ತೋಟದಲ್ಲಿ ಹತ್ತು ಮರಗಳು ತಲಾ ಹತ್ತು ಕಾಯಿಯಾದರೂ ಬಿಟ್ಟಿದ್ದರೆ ನಿಮ್ಮ ಎಚ್ ಹತ್ತು. ಇಪ್ಪತ್ತು ಮರ ತಲಾ ಇಪ್ಪತ್ತು ಬಿಟ್ಟರೆ ಇಪ್ಪತ್ತು. ಒಂದೇ ಒಂದು ಮರ ಇದ್ದು ಅದು ಹತ್ತು ಸಾವಿರ ಕಾಯಿ ಬಿಟ್ಟರೆ? ಎಚ್ ಒಂದು. ಅಂಥ ಮರವನ್ನು ಊರೆಲ್ಲ ಪೂಜಿಸಬಹುದು, ಬ್ಯಾಂಕಿನವರು ಸಾಲ ಕೊಡುವುದಿಲ್ಲ.

ಕಾಯಿಗಳನ್ನು ಪಕ್ಕದ ತೋಟದಿಂದ ತಂದು ಮರಕ್ಕೆ ಕಟ್ಟಬಹುದೇ ಎಂಬ ಪ್ರಶ್ನೆಗೆ ಫ್ರಾನ್ಸಿನ ಸಿರಿಲ್ ಲಾಬೆ ಎಂಬ ಗಣಕ ವಿಜ್ಞಾನಿ 2010ರಲ್ಲಿ ಉತ್ತರ ಕೊಟ್ಟರು. ಐಕ್ ಆಂಟ್‌ಕೇರ್ ಎಂಬ ವಿಜ್ಞಾನಿಯನ್ನು ಹುಟ್ಟಿಸಿದರು. ಹುಟ್ಟಿಸಿದರು ಎಂದರೆ ಬರೀ ಹೆಸರನ್ನು. ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಪೇಪರುಗಳನ್ನು ತಯಾರಿಸಿ, ಒಂದು ಇನ್ನೊಂದನ್ನು ಉಲ್ಲೇಖಿಸುವಂತೆ ಜೋಡಿಸಿ, ಗೂಗಲ್ ಸ್ಕಾಲರಿನ ಕಣ್ಣಿಗೆ ಬೀಳುವಂತೆ ಇಟ್ಟರು. ಆಂಟ್‌ಕೇರನ ಎಚ್ 94ಕ್ಕೆ ಏರಿತು. ಐನ್‌ಸ್ಟೈನ್ ಅವನ ಕೆಳಗಿದ್ದರು. ಹುಟ್ಟದೇ ಇರುವವನು ಇಷ್ಟು ಸಾಧಿಸಿದ ಮೇಲೆ, ಹುಟ್ಟಿಯೂ ಎಂಟು ಒಂಬತ್ತರಲ್ಲಿ ನಿಂತಿರುವ ನಮ್ಮ ಅಧ್ಯಾಪಕರಿಗೆ ನಾಚಿಕೆಯಾಗಬೇಕು.

ಲೇಖಕನಾಗಲು ಮನುಷ್ಯನಾಗಿ ಹುಟ್ಟಲೇಬೇಕೆಂದೂ ಇಲ್ಲ. 1975ರಲ್ಲಿ ಅಮೆರಿಕದ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಜಾಕ್ ಹೆದರಿಂಗ್ಟನ್ ಹೀಲಿಯಂ ಬಗ್ಗೆ ಒಂದು ಪೇಪರ್ ಬರೆದರು. ಟೈಪ್‌ರೈಟರ್ ಕಾಲ. ಬರೆದದ್ದು ಒಬ್ಬರೇ, ಆದರೆ ಉದ್ದಕ್ಕೂ ‘ನಾವು ಕಂಡುಕೊಂಡೆವು’ ಎಂದು ಟೈಪಿಸಿದ್ದರು. ಒಬ್ಬನೇ ಲೇಖಕನಿದ್ದರೆ ‘ನಾವು’ ಕೂಡದು, ಪತ್ರಿಕೆಯವರು ವಾಪಸು ಕಳಿಸುತ್ತಾರೆ ಎಂದು ಸಹೋದ್ಯೋಗಿ ಎಚ್ಚರಿಸಿದರು. ಎಲ್ಲವನ್ನೂ ಮತ್ತೆ ಟೈಪಿಸುವುದಕ್ಕಿಂತ ಇನ್ನೊಬ್ಬ ಲೇಖಕನನ್ನು ಸೇರಿಸುವುದು ಸುಲಭ. ಮನೆಯಲ್ಲಿ ಚೆಸ್ಟರ್ ಎಂಬ ಸಯಾಮಿ ಬೆಕ್ಕಿತ್ತು. ಬೆಕ್ಕಿನ ಜಾತಿಯ ಲ್ಯಾಟಿನ್ ಹೆಸರು ಮತ್ತು ಅದರ ಸ್ವಂತ ಹೆಸರಿನಿಂದ ಇನಿಷಿಯಲ್ಲು, ಅದರ ಅಪ್ಪ ವಿಲ್ಲರ್ಡನಿಂದ ಮನೆತನದ ಹೆಸರು: ಎಫ್. ಡಿ. ಸಿ. ವಿಲ್ಲರ್ಡ್. ‘ಫಿಸಿಕಲ್ ರಿವ್ಯೂ ಲೆಟರ್ಸ್’ನಂಥ ಪತ್ರಿಕೆಯಲ್ಲಿ ಬೆಕ್ಕು ಸಹಲೇಖಕನಾಯಿತು. ಐದು ವರ್ಷದ ಮೇಲೆ ಅದೇ ವಿಲ್ಲರ್ಡ್ ಒಬ್ಬನೇ ಲೇಖಕನಾಗಿ ಫ್ರೆಂಚಿನಲ್ಲೂ ಒಂದು ಲೇಖನ ಪ್ರಕಟಿಸಿದ. ಎರಡು ಭಾಷೆ, ಒಂದು ಸ್ವತಂತ್ರ ಕೃತಿ. ಎಷ್ಟೋ ಗೈಡುಗಳಿಗೆ ಅದೂ ಇಲ್ಲ.

ಹೆದರಿಂಗ್ಟನ್ ಕನ್ನಡದಲ್ಲಿ ಬರೆದಿದ್ದರೆ ಈ ಪೇಚು ಬರುತ್ತಿರಲಿಲ್ಲ ಅನ್ನಿ. ನಮ್ಮಲ್ಲಿ ಮಠಾಧೀಶರು ಒಬ್ಬರೇ ಇದ್ದರೂ ‘ನಾವು ದಯಮಾಡಿಸುತ್ತೇವೆ’. ಬೆಕ್ಕು ಬೇಕಾಗುವುದಿಲ್ಲ.

ಬೆಕ್ಕಿನ ಹಿಂದೆ ಉಳಿದವೂ ಬಂದವು. 1978ರಲ್ಲಿ ಪಾಲಿ ಮ್ಯಾಟ್ಜಿಂಗರ್ ಎಂಬ ರೋಗನಿರೋಧ ವಿಜ್ಞಾನಿ ತಮ್ಮ ನಾಯಿಯನ್ನು ಸಹಲೇಖಕಿ ಮಾಡಿಕೊಂಡರು. 2001ರಲ್ಲಿ ಆಂದ್ರೆ ಗೈಮ್ ತಮ್ಮ ಹ್ಯಾಮ್‌ಸ್ಟರ್ ಹೆಸರು ಹಾಕಿದರು. ಅವರಿಗೆ 2010ರಲ್ಲಿ ನೊಬೆಲ್ ಬಂತು, ಹ್ಯಾಮ್‌ಸ್ಟರಿಗೆ ಬರಲಿಲ್ಲ. ಇವನ್ನೆಲ್ಲ ತಮಾಷೆ ಎಂದು ನಗುವವರು ಒಂದು ಗಮನಿಸಬೇಕು. ಈ ಪ್ರಾಣಿಗಳಲ್ಲಿ ಯಾವುದೂ ತಾನಾಗಿ ಕೇಳಿ ಹೆಸರು ಹಾಕಿಸಿಕೊಂಡದ್ದಲ್ಲ. ಯಾವುದೂ ಅದನ್ನು ತೋರಿಸಿ ಬಡ್ತಿ ಪಡೆಯಲಿಲ್ಲ.

ಈಗ ಲಗ್ನಪತ್ರಿಕೆಯ ಮಾತು. ನಮ್ಮ ಲಗ್ನಪತ್ರಿಕೆಯಲ್ಲಿ ‘ಸುಖಾಗಮನ ಬಯಸುವವರು’ ಎಂದು ಕೊನೆಗೆ ಒಂದು ಪಟ್ಟಿ ಇರುತ್ತದೆ. ದೊಡ್ಡಪ್ಪನ ಹೆಸರು ಚಿಕ್ಕಪ್ಪನ ಕೆಳಗೆ ಬಂದು ಎರಡು ತಲೆಮಾರು ಮಾತು ಬಿಟ್ಟ ಮನೆಗಳಿವೆ. ಜಗತ್ತಿನಲ್ಲಿ ಅದುವರೆಗಿನ ಅತಿ ದೊಡ್ಡ ಲಗ್ನಪತ್ರಿಕೆ ಅಚ್ಚಾದದ್ದು 2015ರ ಮೇ ತಿಂಗಳಲ್ಲಿ, ಬೆಕ್ಕಿನ ಅದೇ ‘ಫಿಸಿಕಲ್ ರಿವ್ಯೂ ಲೆಟರ್ಸ್’ನಲ್ಲಿ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದ ಎರಡು ತಂಡಗಳು ಸೇರಿ ಹಿಗ್ಸ್ ಬೋಸಾನಿನ ದ್ರವ್ಯರಾಶಿ ಎಷ್ಟು ಎಂದು ಹೇಳಿದ ಪ್ರಬಂಧ. ಒಟ್ಟು 33 ಪುಟ, ಲೇಖಕರು 5,154. ವಿಷಯ 9 ಪುಟ, ಉಳಿದ 24 ಪುಟ ಸುಖಾಗಮನ ಬಯಸುವವರು. ದೊಡ್ಡಪ್ಪ ಚಿಕ್ಕಪ್ಪನ ಜಗಳ ಬೇಡವೆಂದು ಈ ವಿಜ್ಞಾನಿಗಳು ಹೆಸರನ್ನು ಅಕ್ಷರಾನುಕ್ರಮದಲ್ಲಿ ಹಾಕುತ್ತಾರೆ. ಎ ಅಕ್ಷರದಲ್ಲಿ ಹುಟ್ಟಿದವರಿಗೆ ಅದೊಂದು ಪೂರ್ವಜನ್ಮದ ಪುಣ್ಯ.

ಈ 5,154 ಮಂದಿಯ ಮೇಲೆ ನನಗೇನೂ ಸಿಟ್ಟಿಲ್ಲ. ನೆಲದಡಿಯಲ್ಲಿ 27 ಕಿಲೋಮೀಟರ್ ಸುತ್ತಳತೆಯ ಯಂತ್ರ ನಡೆಸಲು ಅಷ್ಟು ಕೈ ಬೇಕು. ಸೇತುವೆಗೆ ಮರಳು ಹೊತ್ತ ಅಳಿಲಿಗೆ ಹೆಸರು ಬೇಡ ಎನ್ನುವಷ್ಟು ಕಠಿಣ ನಾನಲ್ಲ. ಆದರೆ ಆ ಪೇಪರಿಗೆ ನಮ್ಮ ಗುಮಾಸ್ತರು ಅಂಕ ಹಾಕಿದರೆ ಏನಾಗುತ್ತದೆ ನೋಡಿ. ಇಂಪ್ಯಾಕ್ಟ್ ಫ್ಯಾಕ್ಟರ್ ಐದರಿಂದ ಹತ್ತರ ನಡುವಿನ ಪತ್ರಿಕೆ, 25 ಅಂಕ. ಮೊದಲಿನವರಿಗೆ 17.5. ಉಳಿದ 5,153 ಮಂದಿಗೆ ತಲಾ 7.5. ಕೂಡಿದರೆ 38,665. ಒಂಬತ್ತು ಪುಟಕ್ಕೆ.

ಇನ್ನು ಆ ಕಣಕ್ಕೆ ಹೆಸರು ಕೊಟ್ಟ ಪೀಟರ್ ಹಿಗ್ಸ್. 1964ರಲ್ಲಿ ಇದೇ ಪತ್ರಿಕೆಯಲ್ಲಿ ಅವರ ಪ್ರಬಂಧ ಬಂತು: ಎರಡು ಪುಟ ತುಂಬುವಷ್ಟೂ ಇಲ್ಲ, ಒಂದೇ ಹೆಸರು. ಆಮೇಲಿನ ಬಾಳಿನಲ್ಲಿ ಅವರು ಪ್ರಕಟಿಸಿದ್ದು ಹತ್ತಕ್ಕಿಂತ ಕಡಿಮೆ. ಇತ್ತೀಚಿನ ಪ್ರಕಟಣೆಗಳ ಪಟ್ಟಿ ಕೊಡಿ ಎಂದು ವಿಭಾಗ ಸುತ್ತೋಲೆ ಕಳಿಸಿದಾಗ ಯಾವುದೂ ಇಲ್ಲ ಎಂದು ಬರೆದು ಕಳಿಸುತ್ತಿದ್ದರಂತೆ. 2013ರಲ್ಲಿ ನೊಬೆಲ್ ತೆಗೆದುಕೊಳ್ಳುವ ಹೊತ್ತಿಗೆ ಅವರೇ ಹೇಳಿದರು, ಇವತ್ತಾಗಿದ್ದರೆ ತಮಗೆ ಯಾರೂ ಕೆಲಸ ಕೊಡುತ್ತಿರಲಿಲ್ಲ ಎಂದು. ಒಂದೇ ಮರ, ಹತ್ತು ಸಾವಿರ ಕಾಯಿ.

ಹೆಸರಿನ ವಿಷಯದಲ್ಲಿ ನಮ್ಮ ಶಿಲ್ಪಿಗಳು ಹೆಚ್ಚು ಖಡಕ್ಕಾಗಿದ್ದರು. ಹೊಯ್ಸಳರ ಗುಡಿಗಳಲ್ಲಿ ವಿಗ್ರಹದ ಪೀಠದಲ್ಲೇ ಕೆತ್ತಿದವನ ಹೆಸರಿದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ; ಸೋಮನಾಥಪುರದಲ್ಲಿ ಮಲ್ಲಿತಮ್ಮ. ಯಾರು ಯಾವುದನ್ನು ಮಾಡಿದರೋ ಅದರ ಕೆಳಗೆ ಅವರ ಹೆಸರು. ಪಾಶ್ಚಾತ್ಯ ಪ್ರಕಾಶಕರು ಹತ್ತು ವರ್ಷದ ಹಿಂದೆ ಕೂತು ಲೇಖಕರ ಪಾತ್ರಗಳನ್ನು ಹದಿನಾಲ್ಕು ಬಗೆಯಾಗಿ ವಿಂಗಡಿಸಿ, ಪರಿಕಲ್ಪನೆ ಯಾರದು, ಮೊದಲ ಕರಡು ಯಾರದು, ಹಣ ಯಾರದು ಎಂದು ಬರೆಯಿರಿ ಎಂದರಲ್ಲ, ಅದನ್ನು ಮಲ್ಲಿತಮ್ಮ ಉಳಿಯಿಂದ ಮಾಡಿ ಮುಗಿಸಿದ್ದ. ಆದರೂ ಪ್ರವಾಸಕ್ಕೆ ಕರೆದೊಯ್ದ ಶಾಲಾ ಮಕ್ಕಳನ್ನು ಕೇಳಿ, ಯಾರು ಕೆತ್ತಿದ್ದು? ಜಕಣಾಚಾರಿ. ಈ ಗುಡಿ? ಜಕಣಾಚಾರಿ. ಆ ಗುಡಿ? ಅದೂ. ಕಲ್ಲಿನ ಮೇಲಿನ ಹೆಸರನ್ನು ಐತಿಹ್ಯದ ಹೆಸರು ನುಂಗಿ ಕೂತಿದೆ.

ಇದಕ್ಕೆ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1968ರಲ್ಲಿ ‘ಮ್ಯಾಥ್ಯೂ ಪರಿಣಾಮ’ ಎಂದು ಹೆಸರಿಟ್ಟರು. ಬೈಬಲಿನ ಮತ್ತಾಯನ ಸುವಾರ್ತೆಯಿಂದ ತೆಗೆದದ್ದು: ಇದ್ದವನಿಗೆ ಇನ್ನಷ್ಟು, ಇಲ್ಲದವನಿಂದ ಇದ್ದದ್ದೂ ಕಸಿ. ಇಬ್ಬರು ಸೇರಿ ಕೆಲಸ ಮಾಡಿದರೆ ಆಗಲೇ ಹೆಸರಾದವನಿಗೇ ಎಲ್ಲ ಕೀರ್ತಿ ಸಲ್ಲುತ್ತದೆ ಎಂಬುದು ಪ್ರಬಂಧದ ತಿರುಳು. ನೊಬೆಲ್ ಪಡೆದವರನ್ನು ಸಂದರ್ಶಿಸಿ ಅದಕ್ಕೆ ಬೇಕಾದ ಸಾಮಗ್ರಿ ಒದಗಿಸಿದವರು ಹ್ಯಾರಿಯೆಟ್ ಜುಕರ್‌ಮನ್ ಎಂಬ ಕಿರಿಯ ಸಂಶೋಧಕಿ. ಪ್ರಬಂಧದ ಮೇಲೆ ಬಂದ ಹೆಸರು ಒಂದೇ, ಮರ್ಟನ್. ಇದು ಜಂಟಿ ಹೆಸರಿನಲ್ಲಿ ಬರಬೇಕಿತ್ತು ಎಂದು ಅವರು ಆಮೇಲೆ ಒಪ್ಪಿಕೊಂಡರು. 1993ರಲ್ಲಿ ಇಬ್ಬರೂ ಮದುವೆಯಾದರು. ಸಹಲೇಖಕಿ ಪಟ್ಟಕ್ಕೆ ಕಾಲು ಶತಮಾನದ ಕಾಯುವಿಕೆ. ಪರಿಣಾಮ ಮಾತ್ರ ಇಂದಿಗೂ ಮರ್ಟನ್‌ರದೇ.

ನಮ್ಮ ಕಡೆ ಇಷ್ಟು ಸೂಕ್ಷ್ಮ ಯಾರಿಗೆ ಬೇಕು? ಹೆಸರು ಅಚ್ಚಾದರೆ ಸಾಕು, ಎಲ್ಲಾದರೂ. ಬೆಂಗಳೂರಿನಿಂದ ಹೊರಡುವ ‘ಕರೆಂಟ್ ಸೈನ್ಸ್’ನಲ್ಲಿ 2018ರಲ್ಲಿ ಬಂದ ಅಧ್ಯಯನವೊಂದು ಯುಜಿಸಿಯ ಮಾನ್ಯ ಪತ್ರಿಕೆಗಳ ಪಟ್ಟಿಗೆ ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ್ದ 1,009 ಪತ್ರಿಕೆಗಳನ್ನು ಜರಡಿ ಹಿಡಿದು ಶೇ. 88ಕ್ಕೂ ಹೆಚ್ಚು ಜೊಳ್ಳು ಎಂದಿತು. ಅದೇ ವರ್ಷದ ಮೇ ತಿಂಗಳಲ್ಲಿ ಯುಜಿಸಿ ತನ್ನ ಪಟ್ಟಿಯಿಂದ 4,305 ಪತ್ರಿಕೆಗಳನ್ನು ಕಿತ್ತುಹಾಕಿತು. ಅವುಗಳಲ್ಲಿ ಅಚ್ಚಾಗಿ ಬಡ್ತಿ ಪಡೆದವರನ್ನು ಯಾರೂ ಕೀಳಲಿಲ್ಲ.

2023ರ ಆರಂಭದಲ್ಲಿ ಹೊಸ ಅಭ್ಯರ್ಥಿ ಬಂದ. ಕೆಲವು ಪ್ರಬಂಧಗಳಲ್ಲಿ ಚಾಟ್‌ಜಿಪಿಟಿ ಸಹಲೇಖಕನಾಗಿ ಕಾಣಿಸಿಕೊಂಡಿತು. ‘ನೇಚರ್’, ‘ಸೈನ್ಸ್’ ಎರಡೂ ಕೂಡದು ಎಂದವು. ಯಂತ್ರ ಹೊಣೆ ಹೊರಲಾರದು ಎಂಬುದು ಕೊಟ್ಟ ಮುಖ್ಯ ಕಾರಣ. ನ್ಯಾಯವೇ. ಆದರೆ ಆ ನಿಯಮವನ್ನು ಜೀವ ಇರುವವರಿಗೂ ಅನ್ವಯಿಸಿ ನೋಡಿ. ಮುಂದಿನ ಸಂಚಿಕೆ ಬರೀ ಲಿಪಿಕಾರರ ಹೆಸರಿನಲ್ಲಿ ಬರುತ್ತದೆ, ನಾಲ್ಕು ಮಂದಿ ವೀರನಾರಾಯಣರು ಕೃತಜ್ಞತೆಯ ಸಾಲಿನಲ್ಲಿ ನಿಂತಿರುತ್ತಾರೆ, ಬೋರ್‌ವೆಲ್ ಹುಡುಗಿ ಮೊದಲನೆಯವಳಾಗುತ್ತಾಳೆ.

ಹಿಗ್ಸ್ ಬೋಸಾನಿನಲ್ಲಿ ಹಿಗ್ಸ್ ಪಾಲಿನ ಕತೆ ಆಯಿತು, ಬೋಸರದು ಬಾಕಿ ಇದೆ. 1924ರಲ್ಲಿ ಢಾಕಾ ವಿಶ್ವವಿದ್ಯಾಲಯದ ರೀಡರ್ ಸತ್ಯೇಂದ್ರನಾಥ ಬೋಸ್, ವಯಸ್ಸು ಮೂವತ್ತು, ಪಿಎಚ್‌ಡಿ ಇಲ್ಲ, ಇಂಗ್ಲಿಷಿನಲ್ಲಿ ಬರೆದ ಪುಟ್ಟ ಪ್ರಬಂಧವೊಂದನ್ನು ಬರ್ಲಿನ್ನಿನ ಐನ್‌ಸ್ಟೈನ್‌ರಿಗೆ ಅಂಚೆಗೆ ಹಾಕಿದರು. ಯೋಗ್ಯವೆನಿಸಿದರೆ ಪ್ರಕಟಣೆಗೆ ಏರ್ಪಾಡು ಮಾಡಿ ಎಂಬ ವಿನಂತಿ. ಐನ್‌ಸ್ಟೈನ್‌ರಿಗೆ ಆಗಲೇ ನೊಬೆಲ್ ಬಂದಿತ್ತು. ಅವರೇ ಕೂತು ಅದನ್ನು ಜರ್ಮನ್ನಿಗೆ ಅನುವಾದಿಸಿ, ಜರ್ಮನಿಯ ಪತ್ರಿಕೆಗೆ ಕಳಿಸಿದರು. ಪ್ರಬಂಧದ ಮೇಲೆ ಬೋಸ್ ಒಬ್ಬರದೇ ಹೆಸರು. ಕೊನೆಗೆ ಅನುವಾದಕರದೊಂದು ಟಿಪ್ಪಣಿ, ಇದು ಮುಖ್ಯವಾದ ಹೆಜ್ಜೆ ಎಂದು.

ಐಡಿಯಾ ನಂದೇ ಅಲ್ವೇನಪ್ಪಾ ಎನ್ನಬಹುದಿತ್ತು. ಬೆಳಕಿನ ಕಣದ ಮಾತನ್ನು 1905ರಲ್ಲೇ ಎತ್ತಿದವರು ಅವರು. ಎನ್ನಲಿಲ್ಲ.

ನಮ್ಮ ಗುಮಾಸ್ತರು ಈ ಫೈಲನ್ನೂ ನೋಡಿದರು. ಅನುವಾದದ ಅಂಕ ‘ಅರ್ಹ ಅಧ್ಯಾಪಕರು’ ಮಾಡಿದ್ದಕ್ಕೆ ಮಾತ್ರವಂತೆ. ಜರ್ಮನ್ ಭಾಷೆಯಲ್ಲಿ ಇವರ ಅರ್ಹತಾ ಪ್ರಮಾಣಪತ್ರ ಲಗತ್ತಿಸಿಲ್ಲ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿದರು. ಆಮೇಲೆ ಹೋಗಲಿ ಪಾಪ ಎಂದು ಪಟ್ಟಿ ತಿರುವಿದರು. ಸಂಶೋಧನ ಪ್ರಬಂಧದ ಅನುವಾದ, ಆಲ್ಬರ್ಟ್ ಐನ್‌ಸ್ಟೈನ್: 3 ಅಂಕ.